ನಿದಾನಕ್ಕೆ ನಿಧಾನವೇ ದಾರಿ

ಸಂಸ್ಮರಣ ಸಂಪುಟದ ಸಂಪಾದಕ ಮಂಡಲಿಯವರು ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ, ಕನ್ನಡ ಪಂಡಿತನಾದ ನನ್ನಿಂದ ಅವರು ನಿರೀಕ್ಷಿಸಿದ್ದು ಛಂದಸ್ಸನ್ನೋ ಅಲಂಕಾರವನ್ನೋ ಹಳಗನ್ನಡ ಕಾವ್ಯದ ಯಾವುದಾದರೊಂದು ಪ್ರಸಂಗವನ್ನೋ ಕುರಿತ ಬರಹವನ್ನು. ನಾನು ಬರೆಯಹೊರಟಿರುವುದಾದರೋ ಸ್ಟಾರ್ಟ್ ಆಗದ ಒಂದು ಕಾರಿನ ವಿಷಯವನ್ನು. ಪಂಡಿತರಿಗೆ ಇದೆಂಥ ಅಪ್ರಸ್ತುತ ಪ್ರಸಂಗವೆಂದು ವಾಚಕ ಮಹಾಶಯರು ಮುಗುಳ್ನಗಬಹುದು. ಆದರೆ ಕಾಲು ಶತಮಾನದ ಅಧ್ಯಾಪನವು ನನಗೆ ಕಲಿಸದೆ ಬಿಟ್ಟಿದ್ದ ಒಂದು ಪಾಠವನ್ನು ಆ ಕಾರು ಕಲಿಸಿತು. ಕಲಿತದ್ದನ್ನು ಹಂಚಿಕೊಳ್ಳುವುದು ಉಪಾಧ್ಯಾಯನ ಧರ್ಮವಾದ್ದರಿಂದ ಈ ಸಾಹಸಕ್ಕೆ ತೊಡಗಿದ್ದೇನೆ.

ಮೊದಲು ಎರಡು ಶಬ್ದಗಳ ವಿಚಾರವನ್ನು ಹೇಳಿಬಿಡುತ್ತೇನೆ. ಅಲ್ಪಪ್ರಾಣ ದಕಾರದಿಂದ ಕೂಡಿದ ‘ನಿದಾನ’ವೆಂದರೆ ಮೂಲಕಾರಣ; ರೋಗದ ಮೂಲವನ್ನು ನಿರ್ಣಯಿಸುವ ಶಾಸ್ತ್ರಕ್ಕೂ ಅದೇ ಹೆಸರು. ಆಯುರ್ವೇದದಲ್ಲಿ ‘ಮಾಧವ ನಿದಾನ’ವೆಂಬ ಗ್ರಂಥವೇ ಇದೆ. ಮಹಾಪ್ರಾಣ ಧಕಾರದ ‘ನಿಧಾನ’ಕ್ಕೆ ಸಂಸ್ಕೃತದಲ್ಲಿ ನಿಧಿ, ನಿಕ್ಷೇಪ ಎಂಬ ಅರ್ಥಗಳಿದ್ದರೂ ಕನ್ನಡದಲ್ಲಿ ಅದು ತಾಳ್ಮೆ, ಅವಸರವಿಲ್ಲದಿರುವಿಕೆ ಎಂಬ ಅರ್ಥದಲ್ಲಿ ರೂಢಿಗೊಂಡಿದೆ. ಮಕ್ಕಳು ಬರೆಯುವಾಗ ಈ ಎರಡನ್ನೂ ಬೆರೆಸಿಬಿಡುತ್ತಾರೆ. ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತ ಬಂದಿದ್ದೇನೆ. ಶಬ್ದಗಳು ಬೇರೆಯಾದರೂ ಒಂದನ್ನು ಬಿಟ್ಟು ಇನ್ನೊಂದು ನಿಲ್ಲಲಾರದೆಂಬುದನ್ನು ಮಾತ್ರ ನಾನು ತಿಳಿದದ್ದು 2019ರ ಮಳೆಗಾಲದಲ್ಲಿ.

ನಮ್ಮ ಪ್ರಸಾದ ನಿಲಯಕ್ಕೆ ಹಳೆಯ ವಿದ್ಯಾರ್ಥಿಯೊಬ್ಬರು ಕಾಣಿಕೆಯಾಗಿ ಕೊಟ್ಟ ಡೀಸೆಲ್ ಕಾರೊಂದಿತ್ತು. ಆ ವರ್ಷದ ಆಷಾಢದ ಒಂದು ರಾತ್ರಿ ಎಂಟನೆಯ ತರಗತಿಯ ಬಾಲಕನೊಬ್ಬನಿಗೆ ಸಹಿಸಲಾರದ ಹೊಟ್ಟೆನೋವು ಬಂದಿತು. ಹುಡುಗನನ್ನು ಕಾರಿನಲ್ಲಿ ಮಲಗಿಸಿದೆವು. ಚಾಲಕನು ಕೀ ತಿರುಗಿಸಿದ. ‘ಟಕ್’ ಎಂಬ ಒಂದೇ ಒಂದು ಸದ್ದು, ಅನಂತರ ಮೌನ. ಮುಂದಿನ ದೀಪಗಳು ಉರಿಯುತ್ತಿದ್ದವು, ಹಾರನ್ನು ಕೂಗುತ್ತಿತ್ತು, ಎಂಜಿನ್ನು ಮಾತ್ರ ಅಲುಗಲಿಲ್ಲ. “ಸೆಲ್ಫ್ ಹೊಡೀತಿಲ್ಲ, ಗುರುಗಳೇ” ಎಂದ ಚಾಲಕ. ಅಂಗಳದ ಕೆಸರಿನಲ್ಲಿ ತಳ್ಳಲಿಕ್ಕೂ ಆಗಲಿಲ್ಲ. ಕಡೆಗೆ ಊರೊಳಗಿನ ಆಟೋರಿಕ್ಷಾದವರೊಬ್ಬರನ್ನು ಎಬ್ಬಿಸಿ ಕರೆತಂದು ಹುಡುಗನನ್ನು ಆಸ್ಪತ್ರೆಗೆ ಸೇರಿಸಿದೆವು. ದೈವಕೃಪೆಯಿಂದ ಅವನು ಗುಣಮುಖನಾದ. ಆದರೆ ಕಳೆದುಹೋದ ಆ ಮುಕ್ಕಾಲು ಗಂಟೆಯನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಮರುದಿನ ಬೆಳಗ್ಗೆ ಕಾರಿನ ಸುತ್ತ ಸಭೆಯೇ ನೆರೆಯಿತು. ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯವಿತ್ತು; ಪರೀಕ್ಷೆಯ ಮಾತನ್ನು ಯಾರೂ ಆಡಲಿಲ್ಲ. ಬ್ಯಾಟರಿ ಬದಲಾಯಿಸಿರೆಂದು ಮೊದಲು ಹೇಳಿದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹೊಸ ಬ್ಯಾಟರಿಗೆ 6,400 ರೂಪಾಯಿ ವೆಚ್ಚವಾಯಿತು. ಕಾರು ಸ್ಟಾರ್ಟ್ ಆಯಿತು, ನಾನು ಬೀಗಿದೆ. ಎಂಟು ದಿನಗಳ ಬಳಿಕ ಮತ್ತೆ ಅದೇ ‘ಟಕ್’. ಹಾಗಾದರೆ ದೋಷ ಸೆಲ್ಫ್ ಮೋಟಾರಿನದೇ ಇರಬೇಕೆಂದು ಅದನ್ನು ಬಿಚ್ಚಿಸಿ, ಕಾರ್ಬನ್ ಬ್ರಷ್ಷುಗಳನ್ನೂ ಸೊಲೆನಾಯ್ಡನ್ನೂ ಹೊಸದಾಗಿ ಹಾಕಿಸಿದೆವು. ಅದಕ್ಕೆ 3,200 ರೂಪಾಯಿ. ನಾಲ್ಕು ದಿನ ಓಡಿ, ಒಂದು ಮಳೆ ಬಂದ ಮುಂಜಾನೆ ಕಾರು ಪುನಃ ಮೊಂಡುಬಿದ್ದಿತು. ಒಟ್ಟು 9,600 ರೂಪಾಯಿ, ದಾನಿಗಳು ಶ್ರದ್ಧೆಯಿಂದ ಕೊಟ್ಟ ಹಣ, ನಮ್ಮ ಊಹೆಗಳಿಗೆ ಆಹುತಿಯಾಗಿತ್ತು.

ಆ ಮೇಲೆ ಬಂದವನು ನನ್ನ ಹಳೆಯ ಶಿಷ್ಯನೊಬ್ಬ. 2001–02ನೆಯ ಸಾಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದು, ಅಲ್ಲಿಗೇ ಓದು ನಿಲ್ಲಿಸಿ, ಈಗ ತಾಲ್ಲೂಕು ಕೇಂದ್ರದಲ್ಲಿ ವಾಹನಗಳ ವಿದ್ಯುತ್ ಕೆಲಸದ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ಬಾನೆಟ್ಟಿಗೆ ಕೈ ಹಚ್ಚಲಿಲ್ಲ. ಮೊದಲು ಕೇಳಿದ: “ಗುರುಗಳೇ, ಆ ರಾತ್ರಿ ಕೀ ತಿರುಗಿಸಿದಾಗ ದೀಪ ಮಂಕಾಯಿತೇ, ಹಾಗೇ ಇತ್ತೇ?” ಚಾಲಕನಿಗೆ ನೆನಪಿರಲಿಲ್ಲ. ನನಗೆ ನೆನಪಿತ್ತು. ಕಾರಿನ ದೀಪಗಳು ಎದುರಿನ ಗೋಡೆಯ ಮೇಲೆ ಬೀಳುತ್ತಿದ್ದವು. ಗೋಡೆಯ ಮೇಲಿನ ಅಕ್ಷರಗಳನ್ನು ಓದುವಷ್ಟು ಬೆಳಕು ಆ ‘ಟಕ್’ ಸದ್ದಿನ ಹೊತ್ತಿನಲ್ಲೂ ಹೆಚ್ಚೇನೂ ಕುಂದಿರಲಿಲ್ಲ. ಕಂಡಿದ್ದೆ, ಗಮನಿಸಿರಲಿಲ್ಲ. “ಹಾಗಾದರೆ ಬ್ಯಾಟರಿಯ ತಪ್ಪಿರಲಿಕ್ಕಿಲ್ಲ, ಗುರುಗಳೇ. ನೋಡೋಣ” ಎಂದ. ಒಂದು ಕಣ್ಸಾಕ್ಷಿಯ ಮಾತಿನಿಂದ ಅವನು ತೆಗೆದ ಈ ತೀರ್ಮಾನವು ಮಂತ್ರವಲ್ಲ, ತರ್ಕ. ಅದು ಹೇಗೆಂಬುದನ್ನು ವಿವರಿಸಲು ಕಾರು ಹೊರಡುವ ಬಗೆಯನ್ನು ತುಸು ಹೇಳಬೇಕಾಗುತ್ತದೆ.

ನಮ್ಮ ಹಿರಿಯರ ಕಾಲದ ಬಸ್ಸು ಲಾರಿಗಳನ್ನು ಮುಂಭಾಗದಲ್ಲಿ ಹ್ಯಾಂಡಲು ಹಾಕಿ ತಿರುವಿ ಹೊರಡಿಸಬೇಕಾಗಿತ್ತು. ಎಂಜಿನ್ನು ಹಿಮ್ಮೆಟ್ಟಿ ಒದ್ದರೆ ತಿರುವುವವನ ಮುಂಗೈ ಮುರಿಯುವುದೂ ಉಂಟಾಗಿತ್ತು. ಈ ಶ್ರಮವನ್ನು ತಪ್ಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರು 1911ರಲ್ಲಿ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಅದಕ್ಕೂ ಮೊದಲು ಅವರು ಅಂಗಡಿಯ ಹಣದ ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ್ದವರು. ಕೆಲವೇ ಕ್ಷಣ ದುಡಿಯಬೇಕಾದ ಚಿಕ್ಕ ಮೋಟಾರಿನಿಂದ ಅದರ ಗಾತ್ರಕ್ಕೆ ಮೀರಿದ ಕೆಲಸವನ್ನು ಮಾಡಿಸಬಹುದೆಂಬುದು ಅವರು ಕಂಡುಕೊಂಡ ಸೂಕ್ಷ್ಮ. ಇಂದಿಗೂ ಸೆಲ್ಫ್ ಮೋಟಾರು ಅದೇ ತತ್ತ್ವದ ಮೇಲೆ ನಡೆಯುತ್ತದೆ. ಆದ್ದರಿಂದಲೇ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ಕೀ ತಿರುಗಿಸಿ ಹಿಡಿಯಬಾರದು. ನಡುವೆ ಅದಕ್ಕೆ ವಿಶ್ರಾಂತಿ ಕೊಡಬೇಕು.

ಈ ವ್ಯವಸ್ಥೆಯಲ್ಲಿ ಎರಡು ದಾರಿಗಳಿವೆ. ಒಂದು ಆಜ್ಞೆಯ ದಾರಿ. ಕೀ ತಿರುಗಿಸಿದಾಗ ಸಣ್ಣ ತಂತಿಯಲ್ಲಿ ಅಲ್ಪ ವಿದ್ಯುತ್ತು ಫ್ಯೂಸು, ರಿಲೇಗಳನ್ನು ದಾಟಿ ಸೊಲೆನಾಯ್ಡನ್ನು ಮುಟ್ಟುತ್ತದೆ. ಇನ್ನೊಂದು ಶಕ್ತಿಯ ದಾರಿ. ಸೊಲೆನಾಯ್ಡು ಎಳೆದುಕೊಂಡು ದಪ್ಪ ಕೇಬಲ್ಲಿನ ಬಾಗಿಲನ್ನು ತೆರೆಯುತ್ತದೆ. ‘ಟಕ್’ ಎಂಬ ಸದ್ದು ಅದರದೇ. ಆಗ ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ 100ರಿಂದ 200 ಆಂಪಿಯರ್, ಡೀಸೆಲ್ ಎಂಜಿನ್ನಿನಲ್ಲಿ ಅದಕ್ಕೂ ಮಿಕ್ಕ ಪ್ರವಾಹ ಹರಿಯುತ್ತದೆ. ಮುಂದಿನ ಎರಡು ದೀಪಗಳು ಕೂಡಿ ಬಯಸುವುದು ಸುಮಾರು 10 ಆಂಪಿಯರ್. ಒಳಗಿನ ಪುಟ್ಟ ಬಲ್ಬು ಅರ್ಧ ಆಂಪಿಯರನ್ನೂ ಬೇಡದು. ಹೀಗೆ ಹರಿದ ವಿದ್ಯುತ್ತು ಎಂಜಿನ್ನಿನ ಲೋಹ, ಅಲ್ಲಿಂದ ಕಾರಿನ ಒಡಲು, ಅಲ್ಲಿಂದ ಬ್ಯಾಟರಿಯ ಋಣಧ್ರುವ ಎಂಬ ಕ್ರಮದಲ್ಲಿ ಮರಳಬೇಕು. ಹೋಗುವ ದಾರಿ ಎಷ್ಟು ಮುಖ್ಯವೋ ಮರಳುವ ದಾರಿಯೂ ಅಷ್ಟೇ ಮುಖ್ಯ.

ಈಗ ನಮ್ಮ ತಪ್ಪನ್ನು ನೋಡೋಣ. ದೀಪ ಉರಿಯುತ್ತಿದೆ, ಆದ್ದರಿಂದ ತಂತಿಗಳೆಲ್ಲ ಸರಿಯಿವೆ ಎಂದು ನಾವು ಭಾವಿಸಿದೆವು. ತರ್ಕಶಾಸ್ತ್ರದಲ್ಲಿ ಸ್ಥಾಲೀಪುಲಾಕ ನ್ಯಾಯವೆಂಬುದೊಂದಿದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯ ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು ಎಂಬುದು ಅದರ ತಾತ್ಪರ್ಯ. ಆದರೆ ಈ ನ್ಯಾಯ ಸಲ್ಲುವುದು ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿ ಒಂದೇ ಉರಿಯ ಮೇಲೆ ಬೆಂದಾಗ ಮಾತ್ರ. ದೀಪದ ವಿದ್ಯುತ್ತು ಕಾರಿನ ಒಡಲಿನಿಂದ ನೇರವಾಗಿ ಬ್ಯಾಟರಿಗೆ ಮರಳುತ್ತದೆ. ಸೆಲ್ಫ್ ಮೋಟಾರಿನ ವಿದ್ಯುತ್ತು ಎಂಜಿನ್ನಿನಿಂದ ಒಡಲಿಗೆ ಬಿಗಿದ ಪಟ್ಟಿಯನ್ನು ದಾಟಿಯೇ ಮರಳಬೇಕು. ಒಂದು ಪಾತ್ರೆಯ ಅಗುಳನ್ನು ಹಿಚುಕಿ ಇನ್ನೊಂದು ಪಾತ್ರೆಯ ಅನ್ನ ಬೆಂದಿದೆಯೆಂದು ನಾವು ಸಾರಿದ್ದೆವು.

ದಾರಿ ಒಂದೇ ಆಗಿದ್ದರೂ ಹೊರೆ ಒಂದೇ ಅಲ್ಲ. ಓಮನ ನಿಯಮವನ್ನು ಹತ್ತನೆಯ ತರಗತಿಯ ಮಕ್ಕಳೆಲ್ಲ ಕಂಠಪಾಠ ಮಾಡುತ್ತಾರೆ: ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟೇಜು. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ 0.05 ಓಮ್ ರೋಧವಿದೆಯೆನ್ನೋಣ. ಅರ್ಧ ಆಂಪಿಯರ್ ಬೇಡುವ ಬಲ್ಬಿನ ವಿದ್ಯುತ್ತು ಅದನ್ನು ದಾಟುವಾಗ ಕಳೆಯುವುದು 0.025 ವೋಲ್ಟ್, ಎಂದರೆ ಏನೂ ಇಲ್ಲ. 10 ಆಂಪಿಯರ್ ದಾಟುವಾಗ ಅರ್ಧ ವೋಲ್ಟ್. ಕಣ್ಣಿಗೆ ಅಷ್ಟಾಗಿ ತಿಳಿಯದು. 100 ಆಂಪಿಯರ್ ದಾಟಬೇಕಾದಾಗ 5 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ; 12 ವೋಲ್ಟಿನ ಬ್ಯಾಟರಿಯಿಂದ ಮೋಟಾರಿಗೆ ಉಳಿಯುವುದು ಏಳೇ. ಅಷ್ಟರಿಂದ ತಣ್ಣಗಾದ ಡೀಸೆಲ್ ಎಂಜಿನ್ನನ್ನು ತಿರುಗಿಸಲಾಗದು. ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಇಷ್ಟು ಸೂಕ್ಷ್ಮವಾದ ರೋಧ ನಂಬುವಂತೆ ಕಾಣದು. ಒಂದೇ ಎಳೆ ಉಳಿದ ಕೇಬಲ್ಲು ಕೂಡ ಟೆಸ್ಟ್ ಲ್ಯಾಂಪನ್ನು ಬೆಳಗಿಸುತ್ತದೆ. ಹೊರೆ ಹೊತ್ತಾಗ ಮಾತ್ರ ಕಾಣುವ ದೋಷವನ್ನು ಹೊರೆ ಹೊರಿಸಿಯೇ ಅಳೆಯಬೇಕು.

ನನ್ನ ಶಿಷ್ಯನ ಪ್ರಶ್ನೆಯ ಮರ್ಮ ಈಗ ತಿಳಿಯುತ್ತದೆ. ಬ್ಯಾಟರಿ ನಿತ್ರಾಣವಾಗಿದ್ದರೆ, ಅಥವಾ ಮೋಟಾರು ಸಿಕ್ಕಿಹಾಕಿಕೊಂಡು ಮಿತಿಮೀರಿ ವಿದ್ಯುತ್ತನ್ನು ಎಳೆಯುತ್ತಿದ್ದರೆ, ಕೀ ತಿರುಗಿಸಿದೊಡನೆ ದೀಪಗಳು ಮಂಕಾಗಬೇಕು. ಆಗಲಿಲ್ಲವೆಂದರೆ ಪ್ರವಾಹವೇ ಸಾಕಷ್ಟು ಹರಿಯುತ್ತಿಲ್ಲ, ಎಲ್ಲೋ ದಾರಿ ಕಟ್ಟಿದೆ ಎಂದರ್ಥ. ಇದು ಅನುಮಾನ, ಇದನ್ನು ಪ್ರತ್ಯಕ್ಷದಿಂದ ದೃಢಪಡಿಸಬೇಕು. ಅವನು ಮಲ್ಟಿಮೀಟರನ್ನು ತೆಗೆದ. ನಿಂತ ಕಾರಿನಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಚಾಲಕ ಕೀ ತಿರುಗಿಸಿದಾಗಲೂ ಅದು 11.8ಕ್ಕಿಂತ ಇಳಿಯಲಿಲ್ಲ. ಬ್ಯಾಟರಿಯ ಧನಧ್ರುವದಿಂದ ಸೆಲ್ಫ್ ಮೋಟಾರಿನವರೆಗೆ, ಕೀ ತಿರುಗಿಸಿ ಹಿಡಿದಿರುವಾಗ, ನಷ್ಟ 0.3 ವೋಲ್ಟ್, ಅರ್ಧದೊಳಗಿದ್ದರೆ ಸಹ್ಯ. ಬಳಿಕ ಒಂದು ಕಡ್ಡಿಯನ್ನು ಋಣಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದ. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಇರಕೂಡದು. ಕೀ ತಿರುಗಿಸಿದಾಗ ಮೀಟರು 5 ವೋಲ್ಟನ್ನೂ ದಾಟಿತು. ದೋಷ ಮರಳುವ ದಾರಿಯಲ್ಲಿತ್ತು.

ಅಲ್ಲಿಗೂ ಅವನು ನಿಲ್ಲಲಿಲ್ಲ. ಜಂಪ್ ಕೇಬಲ್ಲೊಂದನ್ನು ಬ್ಯಾಟರಿಯ ಋಣಧ್ರುವದಿಂದ ಎಂಜಿನ್ನಿಗೆ ನೇರವಾಗಿ ಕಚ್ಚಿಸಿದ. ಕೀ ತಿರುಗಿಸಿದೊಡನೆ ಎಂಜಿನ್ನು ಗುಡುಗಿತು. ಆರಿಸಿ, ಕೇಬಲ್ಲನ್ನು ತೆಗೆದು, ಮತ್ತೆ ಕೀ ತಿರುಗಿಸಿದ, ಅದೇ ‘ಟಕ್’. ಶಾಸ್ತ್ರದಲ್ಲಿ ಇದನ್ನು ಅನ್ವಯ–ವ್ಯತಿರೇಕವೆನ್ನುತ್ತೇವೆ. ಇದು ಇದ್ದರೆ ಅದು ಉಂಟು, ಇದು ಇಲ್ಲದಿದ್ದರೆ ಅದೂ ಇಲ್ಲ. ಎರಡನ್ನೂ ನೋಡಿದ ಮೇಲೆಯೇ ಕಾರಣವನ್ನು ನಿಶ್ಚಯಿಸಬೇಕು. ವಿದ್ವತ್ ಪರೀಕ್ಷೆಗಾಗಿ ನಾನು ವರ್ಷಗಟ್ಟಲೆ ಓದಿದ್ದನ್ನು, ಅದರ ಹೆಸರನ್ನೇ ಕೇಳಿರದ ಅವನು ಅಂಗಳದ ಕೆಸರಿನಲ್ಲಿ ನಿಂತು ಮಾಡಿ ತೋರಿಸಿದ. ಕಾರಿನಡಿಗೆ ನುಸುಳಿ ಎಂಜಿನ್ನಿಗೂ ಒಡಲಿಗೂ ನಡುವಿನ ಪಟ್ಟಿಯನ್ನು ಬಿಚ್ಚಿ ತಂದ. ತಾಮ್ರದ ಹೆಣಿಗೆ ಹಸಿರುಗಟ್ಟಿತ್ತು, ಬೋಲ್ಟಿನ ಸುತ್ತ ತುಕ್ಕು ತುಂಬಿತ್ತು. ಲೋಹ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಿ, ಹೊಸ ಪಟ್ಟಿಯನ್ನು ಬಿಗಿದು, ಮೇಲೆ ಗ್ರೀಸು ಸವರಿ, ಮತ್ತೊಮ್ಮೆ ಅಳೆದು ನೋಡಿದ. ಪಟ್ಟಿಯ ಬೆಲೆ ಸೇರಿ ಅವನು ಪಡೆದದ್ದು 350 ರೂಪಾಯಿ. ಆ ಕಾರು ಮುಂದೆ ಆ ದೋಷವನ್ನು ತೋರಲಿಲ್ಲ.

ಹೊಸ ಬ್ಯಾಟರಿ ಹಾಕಿದಾಗ ಕಾರು ಎಂಟು ದಿನ ಓಡಿದ್ದೇಕೆ? ಹೊಸ ಬ್ಯಾಟರಿಯ ತುಸು ಹೆಚ್ಚಿನ ಬಲ, ತೇವಾಂಶದ ಏರಿಳಿತ, ಕೆಲಸದ ಅಲುಗಾಟದಿಂದ ಜೋಡಣೆ ಒಂದಿಷ್ಟು ಕೂಡಿಕೊಂಡದ್ದು, ಇಷ್ಟೇ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದಂತೆ. ಕಾಕತಾಳೀಯವನ್ನು ಕಾರ್ಯಕಾರಣವೆಂದು ಬಗೆದು ನಾನು ಬೀಗಿದ್ದೆ. ದುರಸ್ತಿಯಾದ ವಸ್ತು ನಡೆಯಿತೆಂಬ ಮಾತ್ರದಿಂದ ನಿದಾನ ಸರಿಯಾಗಿತ್ತೆಂದು ಹೇಳಲಾಗದು. ಯಾಕೆ ನಡೆಯಿತೆಂದು ಹೇಳಬಲ್ಲವನೇ ನಿದಾನವನ್ನು ಬಲ್ಲವನು.

ವಾಚಕರಲ್ಲಿ ಅನೇಕರು ವಾಹನವುಳ್ಳವರು. ಅವರ ಉಪಯೋಗಕ್ಕಾಗಿ ಶಿಷ್ಯನಿಂದ ನಾನು ಕಲಿತ ಕ್ರಮವನ್ನು ಸಂಗ್ರಹವಾಗಿ ಬರೆಯುತ್ತೇನೆ. ಕೀ ತಿರುಗಿಸಿ, ಕಿವಿಗೊಟ್ಟು, ದೀಪವನ್ನು ನೋಡಿರಿ. ಯಾವ ಸದ್ದೂ ಇಲ್ಲದೆ ದೀಪಗಳೂ ಸತ್ತಿದ್ದರೆ ಬ್ಯಾಟರಿ, ಅದರ ಟರ್ಮಿನಲ್ಲು, ಮುಖ್ಯ ಫ್ಯೂಸು ಇವುಗಳನ್ನು ಶಂಕಿಸಬೇಕು. ಸದ್ದಿಲ್ಲ ಆದರೆ ದೀಪ ಚೆನ್ನಾಗಿದೆಯೆಂದರೆ ಆಜ್ಞೆಯ ದಾರಿಯನ್ನು ಹುಡುಕಬೇಕು: ಕೀ ಸ್ವಿಚ್ಚು, ರಿಲೇ, ಫ್ಯೂಸು, ಕ್ಲಚ್ಚಿನ ಕೆಳಗಿನ ಸ್ವಿಚ್ಚು, ಆಟೋಮ್ಯಾಟಿಕ್ ಗೇರಿನ ಕಾರಾದರೆ ಗೇರು ಸರಿಯಾದ ಸ್ಥಾನದಲ್ಲಿದೆಯೇ ಎಂಬುದು. ಒಬ್ಬರು ಕೀ ತಿರುಗಿಸುತ್ತಿರುವಾಗ ಸೊಲೆನಾಯ್ಡಿನ ಸಣ್ಣ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರೆ, ಲ್ಯಾಂಪು ಉರಿದರೆ ದೋಷ ಅದರ ಮುಂದೆ, ಉರಿಯದಿದ್ದರೆ ಹಿಂದೆ. ಒಂದೇ ಪರೀಕ್ಷೆಯಿಂದ ಅರ್ಧ ಶಂಕೆಗಳು ಕಳೆದುಹೋಗುತ್ತವೆ. ಬಿಡದೆ ಟಕಟಕ ಸದ್ದಾಗಿ ದೀಪಗಳು ಮಿನುಗಿದರೆ ಸಾಮಾನ್ಯವಾಗಿ ಬ್ಯಾಟರಿ ಬರಿದಾಗಿದೆ. ಒಂದೇ ‘ಟಕ್’ ಆದರೆ ದಪ್ಪ ಕೇಬಲ್ಲುಗಳು, ಮರಳುವ ದಾರಿ, ಸೊಲೆನಾಯ್ಡಿನ ಒಳಮುಖ, ಮೋಟಾರಿನ ಬ್ರಷ್ಷುಗಳು. ಎಂಜಿನ್ನು ಬಿರುಸಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನೂ ಸೆಲ್ಫನ್ನೂ ದೂಷಿಸುವುದು ಅನ್ಯಾಯ. ಪೆಟ್ರೋಲ್ ಕಾರಿನಲ್ಲಿ ಕಿಡಿ ಬರುತ್ತಿದೆಯೇ, ಯಾವ ಕಾರಿನಲ್ಲಾದರೂ ಇಂಧನ ಬರುತ್ತಿದೆಯೇ ಎಂದು ನೋಡಬೇಕು.

ಬ್ಯಾಟರಿ ಬರಿದಾಗಿದ್ದರೂ ಅದನ್ನು ಬದಲಿಸುವುದು ನಿದಾನವಲ್ಲ. ಆರು ಕೋಶಗಳು, ಒಂದೊಂದರಲ್ಲಿ ಸುಮಾರು 2.1 ವೋಲ್ಟ್, ಎಂದರೆ ತುಂಬಿದ ಬ್ಯಾಟರಿಗೆ 12.6 ವೋಲ್ಟ್, 12.2 ಇದ್ದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಬಹುಪಾಲು ಬರಿದು. ತುಂಬಿದ್ದರೂ ಎಂಜಿನ್ನು ತಿರುಗುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಮುಪ್ಪು ಬಂದಿರಬಹುದು. ಬರಿದಾದದ್ದು ಕಾರ್ಯ, ಕಾರಣ ಬೇರೆ ಇದೆ. ಬಾಗಿಲು ತೆರೆದಿದ್ದು ಒಳದೀಪ ರಾತ್ರಿಯಿಡೀ ಉರಿಯಿತೇ? ಎಂಜಿನ್ನು ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಬರುತ್ತಿದೆಯೇ? ಬಾರದಿದ್ದರೆ ಆಲ್ಟರ್ನೇಟರ್ ದುಡಿಯುತ್ತಿಲ್ಲ. ಎಷ್ಟು ಹೊಸ ಬ್ಯಾಟರಿ ಹಾಕಿದರೂ ತೂತು ಕೊಡಕ್ಕೆ ನೀರು ಹೊಯ್ದಂತೆ. ಎಲ್ಲವನ್ನೂ ಆರಿಸಿ ಬೀಗ ಹಾಕಿದ ಮೇಲೂ 50 ಮಿಲಿ ಆಂಪಿಯರಿಗೆ ಮೀರಿ ಪ್ರವಾಹ ಸೋರುತ್ತಿದ್ದರೆ ಕಳ್ಳನು ಒಳಗೇ ಇದ್ದಾನೆ. ಇಷ್ಟನ್ನು ಕೇಳಿಕೊಂಡು ಅನಂತರ ಅಂಗಡಿಗೆ ಹೋಗಿರಿ.

ಎಚ್ಚರಿಕೆಯ ಎರಡು ಮಾತುಗಳನ್ನೂ ಸೇರಿಸಬೇಕು. ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿ ತಗುಲಿದರೆ ಸಿಡಿಯುತ್ತದೆ. ಅದರ ಬಳಿ ಬೆಂಕಿಕಡ್ಡಿ ಗೀರಬಾರದು. ಬಿಚ್ಚುವಾಗ ಋಣಧ್ರುವವನ್ನು ಮೊದಲು, ಕೂಡಿಸುವಾಗ ಕೊನೆಗೆ. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಇಂದಿನ ಕಾರುಗಳಲ್ಲಿ ಅನುಸರಿಸಕೂಡದು; ಅದರಿಂದ ಆಲ್ಟರ್ನೇಟರೂ ಒಳಗಿನ ಗಣಕವೂ ಕೆಡಬಹುದು. ಕಳಪೆಯೆಂದು ಕಂಡ ಫ್ಯೂಸಿನ ಜಾಗದಲ್ಲಿ ತಂತಿ ಸುತ್ತುವುದಂತೂ ಬೆಂಕಿಯನ್ನು ಮನೆಗೆ ಕರೆದಂತೆ.

ಇವೆಲ್ಲ ಹಳೆಯ ಕಾರಿನ ಮಾತು, ಈಗ ಯಂತ್ರವನ್ನು ತಗುಲಿಸಿದರೆ ಕಾರೇ ತನ್ನ ರೋಗವನ್ನು ಹೇಳುತ್ತದೆಯಲ್ಲ ಎಂದು ತರುಣ ಮಿತ್ರರು ಆಕ್ಷೇಪಿಸಬಹುದು. ಅವರ ಮಾತಿನಲ್ಲಿ ಸತ್ಯಾಂಶವಿದೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್. 6 ನಿಯಮಗಳು ಜಾರಿಗೆ ಬಂದ ಮೇಲಂತೂ ಕಾರೆಂಬುದು ಚಕ್ರಗಳ ಮೇಲಿನ ಗಣಕವ್ಯೂಹವಾಗಿದೆ. ಕೀಯೊಳಗಿನ ಚಿಪ್ಪನ್ನು ಕಾರು ಗುರುತಿಸದಿದ್ದರೆ, ಬೇರೆ ಯಾವ ದೋಷವಿಲ್ಲದಿದ್ದರೂ ಎಂಜಿನ್ನು ಹೊರಡದು. ಆದರೆ ಸ್ಕ್ಯಾನರು ಹೇಳುವ ಸಂಕೇತವು ದಿಕ್ಕನ್ನು ತೋರಿಸುತ್ತದೆಯೇ ವಿನಾ ಅಪರಾಧಿಯನ್ನು ಹಿಡಿದುಕೊಡುವುದಿಲ್ಲ. ಒಂದು ಸೆನ್ಸರಿನಿಂದ ಸರಿಯಾದ ಸೂಚನೆ ಬರುತ್ತಿಲ್ಲವೆಂದು ಅದು ಹೇಳಿದರೆ, ಕೆಟ್ಟಿರುವುದು ಸೆನ್ಸರೇ, ಅದರ ತಂತಿಯೇ, ಇಲಿ ಕಡಿದ ಪ್ಲಗ್ಗೇ, ಮರಳುವ ದಾರಿಯೇ ಎಂಬುದನ್ನು ಮನುಷ್ಯನೇ ಅಳೆದು ತಿಳಿಯಬೇಕು. ಸಂಕೇತವನ್ನು ಓದಿ ಸೆನ್ಸರನ್ನು ಬದಲಿಸುವವನಿಗೂ, ‘ಟಕ್’ ಕೇಳಿ ಬ್ಯಾಟರಿಯನ್ನು ಬದಲಿಸಿದ ನನಗೂ ಯಾವ ಅಂತರವೂ ಇಲ್ಲ.

ಪ್ರಕೃತ ನನ್ನ ಅಭಿಪ್ರಾಯವಿಷ್ಟೇ. ಓಮನ ನಿಯಮವನ್ನು ನಮ್ಮ ಮಕ್ಕಳು ಸೂತ್ರವಾಗಿ ಬಲ್ಲರು, ಸಾಧನವಾಗಿ ಅರಿಯರು. ಆ ನಿಯಮವನ್ನು 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಗೇಯಾರ್ಗ್ ಓಮ್ ಅವರು ಜರ್ಮನಿಯ ಕಲೋನ್ ನಗರದ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದವರು. ಆ ಶಾಲೆಯ ಪ್ರಯೋಗಶಾಲೆಯ ಉಪಕರಣಗಳು ಅವರ ಸಂಶೋಧನೆಗೆ ಒದಗಿಬಂದವು. ಶಾಲೆಯೊಂದರ ಪ್ರಯೋಗಶಾಲೆಗೆ ಕೊಟ್ಟ ಕಾಣಿಕೆ ಎಷ್ಟು ದೂರ ಫಲಿಸಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ನಾವು ಊಹೆಗಾಗಿ ಸುರಿದ 9,600 ರೂಪಾಯಿಗಳಲ್ಲಿ ಇಪ್ಪತ್ತು ಸಾಧಾರಣ ಮಲ್ಟಿಮೀಟರುಗಳನ್ನು ಕೊಳ್ಳಬಹುದಾಗಿತ್ತು. ದಾನಿಗಳಲ್ಲಿ ನನ್ನ ವಿನಂತಿ: ಕಟ್ಟಡಕ್ಕೆ ಕೊಡುವಂತೆಯೇ ಇಂಥ ಉಪಕರಣಗಳಿಗೂ ಕೊಡಿರಿ, ಓಡದ ಹಳೆಯ ಕಾರೊಂದಿದ್ದರೆ ಅದನ್ನೂ ಶಾಲೆಗೆ ಕಳಿಸಿರಿ. ವಿಜ್ಞಾನದ ಉಪಾಧ್ಯಾಯರು ಅದರಲ್ಲಿ ಬೇಕೆಂದೇ ಒಂದು ದೋಷವನ್ನು ಇಟ್ಟು, ಒಂದು ಭಾಗವನ್ನೂ ಬದಲಿಸದೆ ದೋಷವನ್ನು ಕಂಡುಹಿಡಿಯಿರೆಂದು ಮಕ್ಕಳಿಗೆ ಹೇಳಲಿ. ಇದು ಕೈಗಾರಿಕಾ ತರಬೇತಿಯವರ ಕೆಲಸ, ನಮ್ಮದಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಮಕ್ಕಳೆಲ್ಲ ಮೆಕಾನಿಕ್ಕುಗಳಾಗಬೇಕಿಲ್ಲ, ಕಂಡದ್ದನ್ನು ಕಂಡಂತೆ ಹೇಳಿ, ಹೇಳಿದ್ದನ್ನು ಅಳೆದು ನೋಡುವವರಾದರೆ ಸಾಕು. ಕಾರನ್ನು ದುರಸ್ತಿಗೆ ಕೊಡುವವನು ಯಾವ ಸದ್ದಾಯಿತು, ದೀಪ ಏನಾಯಿತು ಎಂದು ಸರಿಯಾಗಿ ಹೇಳಬಲ್ಲವನಾದರೆ ಅರ್ಧ ಕೆಲಸ ಮುಗಿದಂತೆ.

ಭಾಷೆಯ ಉಪಾಧ್ಯಾಯನಾಗಿ ಇನ್ನೊಂದು ಮಾತು. ಕಾರ್ಖಾನೆಯವರು ‘ಅರ್ಥ್’ ಎನ್ನುವುದನ್ನು ನಾವು ‘ಭೂಸಂಪರ್ಕ’ವೆಂದು ಅನುವಾದಿಸಿ ತೃಪ್ತರಾಗುತ್ತೇವೆ. ರಬ್ಬರು ಚಕ್ರಗಳ ಮೇಲೆ ನಿಂತ ಕಾರಿಗೆ ಭೂಮಿಯ ಸಂಪರ್ಕವೆಲ್ಲಿ? ಆ ಪದವನ್ನು ಓದಿದ ಬಾಲಕ ನೆಲವನ್ನು ನೋಡುತ್ತಾನೆ, ಎಂಜಿನ್ನಿನ ಪಟ್ಟಿಯನ್ನು ನೋಡುವುದಿಲ್ಲ. ‘ಮರಳುದಾರಿ’ ಎಂದರೆ ಹಳ್ಳಿಯ ಮಗುವಿಗೂ ಅರ್ಥವಾಗುತ್ತದೆ, ದೋಷವನ್ನು ಹುಡುಕುವ ಜಾಗವೂ ಅದರಲ್ಲೇ ಇದೆ. ತಪ್ಪು ಪದವೂ ಒಂದು ತಪ್ಪು ನಿದಾನವೇ.

ಕೊನೆಯದಾಗಿ ನನ್ನ ಶಿಷ್ಯನ ವಿಷಯ. ಅಂದು ಕೆಲಸ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದಾಗ ಅವನ ದಪ್ಪ ಗಾಜಿನ ಕನ್ನಡಕವನ್ನು ಗಮನಿಸಿ, “ಇದು ಯಾವಾಗಿನಿಂದಪ್ಪಾ?” ಎಂದು ಕೇಳಿದೆ. “ಹತ್ತೊಂಬತ್ತನೇ ವಯಸ್ಸಿನಲ್ಲಿ ಹಾಕಿಕೊಂಡೆ, ಗುರುಗಳೇ. ಅಲ್ಲಿಯವರೆಗೆ ಬೋರ್ಡಿನ ಮೇಲೆ ಬರೆದದ್ದು ಎಲ್ಲರಿಗೂ ಹಾಗೆಯೇ ಕಲಸಿಕೊಂಡು ಕಾಣುತ್ತದೆ ಎಂದುಕೊಂಡಿದ್ದೆ” ಎಂದ. ನನಗೆ ಮಾತು ಹೊರಡಲಿಲ್ಲ. ಸಂಧಿಗಳನ್ನು ಬಿಡಿಸಲಾರದ ಅವನನ್ನು ನಾನು ತರಗತಿಯ ಎದುರಿನಲ್ಲಿ ಮಂದಮತಿಯೆಂದು ಕರೆದಿದ್ದೆ. ಕೊನೆಯ ಬೆಂಚಿಗೆ ಕಳಿಸಿದ್ದೆ. ಬೋರ್ಡಿಗೂ ಅವನ ಕಣ್ಣಿಗೂ ನಡುವಿನ ದಾರಿ ಕಟ್ಟಿದೆಯೇ ಎಂದು ಒಂದು ದಿನವೂ ಪರೀಕ್ಷಿಸಲಿಲ್ಲ. ಬ್ಯಾಟರಿಯೇ ಕೆಟ್ಟಿದೆಯೆಂದು ತೀರ್ಪಿತ್ತು ಪಾಠವನ್ನು ಮುಂದುವರಿಸಿದೆ. ಆ ತೀರ್ಪಿನ ಬೆಲೆಯನ್ನು ಅವನು ತೆತ್ತ. ಅದನ್ನು ರೂಪಾಯಿಗಳಲ್ಲಿ ಎಣಿಸಲಾಗದು.

ಅಂದಿನಿಂದ ವರ್ಷಾರಂಭದಲ್ಲಿ ಪ್ರತಿ ವಿದ್ಯಾರ್ಥಿಯನ್ನೂ ಕೊನೆಯ ಬೆಂಚಿನಲ್ಲಿ ಕೂರಿಸಿ ಬೋರ್ಡಿನ ಒಂದು ಸಾಲನ್ನು ಓದಿಸುವ ಕ್ರಮವನ್ನು ಇಟ್ಟುಕೊಂಡಿದ್ದೇನೆ. ಓದಲಾರದವರು ಪ್ರತಿ ವರ್ಷವೂ ಸಿಕ್ಕುತ್ತಾರೆ. ಸಹೋದ್ಯೋಗಿ ಅಧ್ಯಾಪಕ ಬಂಧುಗಳೂ ಇದನ್ನು ಅನುಸರಿಸಬೇಕೆಂದು ಪ್ರಾರ್ಥಿಸುತ್ತೇನೆ. ಮಗುವನ್ನು ದೂಷಿಸುವ ಮುನ್ನ ಅಳೆಯಿರಿ. ಅಳೆಯುವ ಮುನ್ನ ಕೇಳಿರಿ. ಕೇಳುವ ಮುನ್ನ ಸ್ವಲ್ಪ ನಿಲ್ಲಿರಿ.